ರೀಸೀಲ್ ಮಾಡಿದ ಹಳೇ ಅಕ್ವೇರಿಯಂ ಕೊಳ್ಳುವ ಮುಂಚೆ ಇದನ್ನು ಓದಿ

ದೊಡ್ಡ ಅಕ್ವೇರಿಯಂ ಅರ್ಧ ಬೆಲೆಗೆ ಸಿಗುತ್ತಿದೆ, ಹಳೇದಾದರೂ ರೀಸೀಲ್ ಆಗಿದೆ (ಅಂದರೆ ಗಾಜುಗಳನ್ನು ಅಂಟಿಸುವ ಸಿಲಿಕೋನ್ ಹೊಸದಾಗಿ ಹಾಕಿದೆ) ಅಂತ ಯಾರಾದರೂ ಹೇಳಿದರೆ ದಯವಿಟ್ಟು ತಕ್ಷಣ ದುಡ್ಡು ಕೊಡಬೇಡಿ. ನಮ್ಮ ಮನೆಯಲ್ಲಿ ಆದದ್ದು ಇನ್ನೊಬ್ಬರ ಮನೆಯಲ್ಲಿ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ. ಮನೆಯಲ್ಲಿ ಎರಡು ಆಸ್ಕರ್ ಮೀನುಗಳಿದ್ದವು. ಆಸ್ಕರ್ ಬೆಳೆದರೆ ಹತ್ತಿರ ಹತ್ತಿರ ಒಂದಡಿ ಆಗುತ್ತದೆ, ಚಿಕ್ಕ ಟ್ಯಾಂಕ್ ಸಾಲುವುದಿಲ್ಲ. ಅದಕ್ಕೇ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಎರಡಡಿ ಎತ್ತರದ ಹಳೇ ಟ್ಯಾಂಕನ್ನು ಸ್ಟ್ಯಾಂಡ್ ಸಮೇತ ಒಂದು ಅಂಗಡಿಯಿಂದ ತಂದೆವು. ‘ಪೂರ್ತಿ ಹೊಸದಾಗಿ ಸಿಲಿಕೋನ್ ಹೊಡೆಸಿದ್ದೀವಿ, ನೀರು ತುಂಬಿಸಿ ನೋಡಿದ್ದೀವಿ, ಹತ್ತು ವರ್ಷ ಚಿಂತೆ ಇಲ್ಲ’ ಅಂದರು. ಅವರ ಕಡೆಯವರೇ ಬಂದು ಕೂರಿಸಿ ಹೋದರು.

ಸ್ವಲ್ಪ ದಿನ ಎಲ್ಲ ಸರಿಯಾಗಿತ್ತು. ಆಮೇಲೆ ಸ್ಟ್ಯಾಂಡಿನ ಎಡ ಮೂಲೆಯಲ್ಲಿ ಸನ್‌ಮೈಕಾ ಎದ್ದುಕೊಂಡಿತು. ಬೆರಳಿಟ್ಟು ಒತ್ತಿದರೆ ಒಳಗಿನ ಪಾರ್ಟಿಕಲ್ ಬೋರ್ಡ್ ನೆನೆದ ಬಿಸ್ಕತ್ತಿನ ಹಾಗೆ ಕುಸಿಯುತ್ತಿತ್ತು. ಟಾರ್ಚ್ ಹಿಡಿದು ನೋಡಿದರೆ, ಮೂಲೆಯ ಸಿಲಿಕೋನ್ ಪಕ್ಕದಲ್ಲಿ ಒಂದು ಹನಿ ಮೂಡುತ್ತಿತ್ತು, ದಪ್ಪ ಆಗುತ್ತಿತ್ತು, ಗಾಜಿನ ಅಂಚು ಹಿಡಿದು ಕೆಳಗೆ ಇಳಿಯುತ್ತಿತ್ತು. ನೆಲ ಮಾತ್ರ ಪೂರ್ತಿ ಒಣಗಿತ್ತು. ಸೋರಿದ ನೀರನ್ನೆಲ್ಲ ಬೋರ್ಡೇ ಕುಡಿದುಬಿಟ್ಟಿತ್ತು. ನೆಲ ಒದ್ದೆಯಾದರೆ ತಾನೇ ಸೋರಿಕೆ ಗೊತ್ತಾಗುವುದು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ, ಅಲ್ವಾ? ಇಂಥ ಸ್ಟ್ಯಾಂಡಿನಲ್ಲಿ ಹಾಗಲ್ಲ. ನೀರು ನೆಲಕ್ಕೆ ಬರುವ ಹೊತ್ತಿಗೆ ಸ್ಟ್ಯಾಂಡೇ ಒಂದು ಕಡೆ ತಗ್ಗಿರುತ್ತದೆ. ಟ್ಯಾಂಕ್ ವಾಲಿದರೆ ಭಾರವೆಲ್ಲ ಒಂದೇ ಮೂಲೆಗೆ ಬೀಳುತ್ತದೆ.

ಅಂಗಡಿಗೆ ಫೋನ್ ಮಾಡಿದೆ. ಒಬ್ಬ ಹುಡುಗ ಬಂದ. ನೀರು ಖಾಲಿ ಮಾಡುವುದು ಬೇಡ ಅಂದ. ಹೊರಗಿನಿಂದ ಆ ಮೂಲೆಗೆ ಸಿಲಿಕೋನ್ ಮೆತ್ತಿ, ‘ಆಯ್ತು ಸಾರ್’ ಅಂತ ಹೊರಟುಹೋದ.

ಅದೇ ರಾತ್ರಿ ಮೂಲೆ ಬಿಟ್ಟುಕೊಂಡಿತು. ಎದ್ದು ಹಾಲಿಗೆ ಬಂದರೆ ನೀರು ಧಾರೆಯಾಗಿ ಸುರಿಯುತ್ತಿತ್ತು. ಎಕ್ಸ್‌ಟೆನ್ಷನ್ ಬಾಕ್ಸ್ ಸ್ಟ್ಯಾಂಡಿನ ಒಳಗೇ ಇತ್ತು. ನನ್ನ ಹೆಂಡತಿ ನನ್ನನ್ನು ಅಲ್ಲೇ ತಡೆದು, ಮೊದಲು ಬಾಗಿಲ ಪಕ್ಕದ ಮೇನ್ ಸ್ವಿಚ್ ಇಳಿಸಿದಳು. ಇದನ್ನು ದಯವಿಟ್ಟು ನೆನಪಿಡಿ. ಮೊದಲು ಕರೆಂಟ್, ಆಮೇಲೆ ಮೀನು. ಕಾಲು ಒದ್ದೆ ಇರುವಾಗ ಪ್ಲಗ್ ಕೀಳಲು ಹೋಗಬೇಡಿ. ಹೀಟರ್ ಇದ್ದರಂತೂ ಇದು ಇನ್ನೂ ಮುಖ್ಯ. ನೀರು ಇಳಿದು ಹೀಟರ್ ಗಾಳಿಗೆ ಬಂದರೆ ವಿಪರೀತ ಕಾದು ಅದರ ಗಾಜೇ ಒಡೆಯಬಹುದು.

ಆ ಅಳತೆಯ ಟ್ಯಾಂಕ್ ತುಂಬಿದರೆ ಸುಮಾರು 340 ಲೀಟರ್ ನೀರು, ಅಂದರೆ 340 ಕಿಲೋ. ಮುಂದಿನ ಗಾಜೊಂದರ ಮೇಲೇ ಸುಮಾರು 225 ಕಿಲೋ ಭಾರದಷ್ಟು ಒತ್ತಡ ಇರುತ್ತದೆ. ಆ ಒತ್ತಡ ಒಳಗಿನಿಂದ ಹೊರಗೆ. ಹೊರಗಡೆ ಮೆತ್ತಿದ ತೇಪೆಯನ್ನು ನೀರು ತಳ್ಳುತ್ತಲೇ ಇರುತ್ತದೆ. ಅದರ ಮೇಲೆ ಒದ್ದೆ ಗಾಜಿಗೆ ಸಿಲಿಕೋನ್ ಹಿಡಿಯುವುದೂ ಇಲ್ಲ.

ಕೆಳಗಿನ ಮನೆಯವರ ಫಾಲ್ಸ್ ಸೀಲಿಂಗ್ ನೆನೆದು ಹಾಳಾಯಿತು. ಅದರ ಖರ್ಚು ನಾವೇ ಕೊಟ್ಟೆವು. ಅಂಗಡಿಯವರು ‘ಹಳೇ ಮಾಲಿಗೆ ಗ್ಯಾರಂಟಿ ಇರಲ್ಲ’ ಅಂತ ಕೈ ತೊಳೆದುಕೊಂಡರು. ದುಡ್ಡು ಹೋಗಲಿ, ಚಿಕ್ಕ ಆಸ್ಕರ್ ಉಳಿಯಲಿಲ್ಲ. ಎರಡನ್ನೂ ನೀರಿನ ಡ್ರಮ್ಮಿಗೆ ಹಾಕಿದ್ದೆವು. ಆದರೆ ನೀರು ಇಳಿದ ಮೇಲೆ ಒಣಗಿ ಓಡಿದ ಫಿಲ್ಟರ್ ಮೋಟರ್ ಸುಟ್ಟುಹೋಗಿತ್ತು. ಅಷ್ಟು ದೊಡ್ಡ ಮೀನುಗಳು ಅಷ್ಟು ಕಡಿಮೆ ನೀರಿನಲ್ಲಿ ಫಿಲ್ಟರ್ ಇಲ್ಲದೆ ಇದ್ದರೆ, ಅವುಗಳ ಗಲೀಜಿನಿಂದ ಹುಟ್ಟುವ ಅಮೋನಿಯಾ ಎಂಬ ವಿಷ ಬೇಗ ಏರುತ್ತದೆ. ಕೈಯಿಂದ ಊಟ ತೆಗೆದುಕೊಳ್ಳುತ್ತಿದ್ದ ಮೀನು ಅದು. ನನ್ನ ಮಗಳು ಇವತ್ತಿಗೂ ಆ ಅಂಗಡಿಯ ರಸ್ತೆಯಲ್ಲಿ ಬರುವುದಿಲ್ಲ.

ಆಮೇಲೆ ಗಾಜಿನ ಕೆಲಸ ಬಲ್ಲ ಒಬ್ಬರನ್ನು ಕರೆಸಿ ಟ್ಯಾಂಕ್ ಬಿಚ್ಚಿಸಿದೆವು. ‘ಪೂರ್ತಿ ಹೊಸದು’ ಅಂದಿದ್ದ ಸಿಲಿಕೋನನ್ನು ಅವರು ಉಗುರಿನಿಂದ ಎಳೆದರೆ ಉದ್ದಕ್ಕೂ ಕಿತ್ತು ಬಂತು. ಅದರ ಕೆಳಗೆ ಹಳದಿಗಟ್ಟಿದ ಹಳೇ ಸಿಲಿಕೋನ್ ಹಾಗೇ ಇತ್ತು. ಒಣಗಿದ ಹಳೇ ಸಿಲಿಕೋನ್ ಮೇಲೆ ಹೊಸದು ಗಟ್ಟಿಯಾಗಿ ಕೂರುವುದಿಲ್ಲ. ಹಳೇದನ್ನು ಬ್ಲೇಡಿನಿಂದ ಪೂರ್ತಿ ಕೆರೆದು ತೆಗೆದು, ಗಾಜನ್ನು ಒರೆಸಿ ಒಣಗಿಸಿ, ಒಳಗಿನ ಅಂಚುಗಳಿಗೆಲ್ಲ ಹೊಸ ಸಿಲಿಕೋನ್ ಒಟ್ಟಿಗೆ ಹಾಕಬೇಕು. ಹಾಕಿದ ಮೇಲೆ ಒಂದು ವಾರ ಒಣಗಲು ಬಿಟ್ಟರೆ ಒಳ್ಳೆಯದು. ಬಾತ್‌ರೂಮಿಗೆ ಬಳಸುವ, ಬೂಷ್ಟು ಹಿಡಿಯದ ಸಿಲಿಕೋನ್ ಬೇಡವೇ ಬೇಡ, ಅದರಲ್ಲಿರುವ ರಾಸಾಯನಿಕ ಮೀನಿಗೆ ವಿಷ. ಇನ್ನೊಂದು ವಿಷಯವನ್ನೂ ಅವರು ತೋರಿಸಿದರು. ಫ್ರೇಮ್ ಇಲ್ಲದ ಆ ಟ್ಯಾಂಕಿನ ಅಡಿಗೆ ಥರ್ಮಾಕೋಲ್ ಆಗಲಿ ಫೋಮ್ ಆಗಲಿ ಹಾಕಿರಲೇ ಇಲ್ಲ. ಗಾಜಿನ ಕೆಳಗೆ ಒಂದು ಮರಳಿನ ಕಾಳು ಸಿಕ್ಕಿಕೊಂಡರೂ ಸಾಕು, ಅಲ್ಲಿಂದಲೇ ಬಿರುಕು ಶುರುವಾಗಬಹುದು.

ಗಾಜೇ ಬಿರುಕು ಬಿಟ್ಟಿದ್ದರೆ ಸಿಲಿಕೋನ್ ಹಚ್ಚಿ ಉಳಿಸುವ ಯೋಚನೆ ಬಿಡಿ. ಬಿರುಕಿನ ಕೆಳಗಿನ ಮಟ್ಟಕ್ಕೆ ನೀರು ಇಳಿಸಿ, ಆ ಗಾಜನ್ನೇ ಬದಲಾಯಿಸಬೇಕು. ತಳದ ಗಾಜಾದರೆ ಅವತ್ತೇ ಖಾಲಿ ಮಾಡಿ. ನೀರು ಇರುವಾಗ ಟ್ಯಾಂಕನ್ನು ಎತ್ತುವುದು, ಸ್ವಲ್ಪ ಸರಿಸುವುದು ಎರಡೂ ಬೇಡ.

ಹಳೇ ಟ್ಯಾಂಕ್ ಕೊಳ್ಳಲೇಬೇಕು ಅಂತಿದ್ದರೆ, ನಿಮ್ಮ ಕಣ್ಣೆದುರೇ ಅಂಚಿನವರೆಗೆ ನೀರು ತುಂಬಿಸಿ. ಮಟ್ಟವನ್ನು ಮಾರ್ಕರಿನಲ್ಲಿ ಗುರುತು ಮಾಡಿ, ಮೂರು ದಿನ ಅಲ್ಲೇ ಬಿಟ್ಟು ಹೋಗಿ ನೋಡಿ. ಅದಕ್ಕೆ ಒಪ್ಪದ ಅಂಗಡಿಯಿಂದ ಕೊಳ್ಳಬೇಡಿ.

ಮನೆಯಲ್ಲಿ ಈಗಾಗಲೇ ದೊಡ್ಡ ಟ್ಯಾಂಕ್ ಇದ್ದರೆ ಇವತ್ತೇ ಟಿಶ್ಯೂ ಪೇಪರ್ ಹಿಡಿದು ಕೆಳಗಿನ ಅಂಚುಗಳನ್ನೆಲ್ಲ ಒತ್ತಿ ನೋಡಿ. ಮಳೆಗಾಲದಲ್ಲಿ ಗಾಜಿನ ಹೊರಗೆ ಬೆವರಿದ ನೀರೂ ಇರಬಹುದು. ಒರೆಸಿದ ಮೇಲೂ ಅದೇ ಒಂದು ಜಾಗದಲ್ಲಿ ಮಾತ್ರ ಮತ್ತೆ ಮತ್ತೆ ಒದ್ದೆಯಾದರೆ ಅದು ಸೋರಿಕೆ ಅಂತಲೇ ತಿಳಿಯಿರಿ. ಸೋಪು ಮುಟ್ಟಿಸದ ಒಂದು ದೊಡ್ಡ ಡ್ರಮ್, ಸೈಫನ್ ಪೈಪ್, ಬ್ಯಾಟರಿ ಏರ್ ಪಂಪ್, ಕ್ಲೋರಿನ್ ತೆಗೆಯುವ ಔಷಧಿ, ಇಷ್ಟು ಮನೆಯಲ್ಲಿರಲಿ. ಟ್ಯಾಂಕ್ ಸೋರಿದಾಗ ಅದರ ಹಳೇ ನೀರನ್ನು ಆದಷ್ಟು ಡ್ರಮ್ಮಿಗೆ ಹಿಡಿಯಿರಿ. ಫಿಲ್ಟರಿನ ಸ್ಪಂಜನ್ನೂ ಏರ್ ಸ್ಟೋನ್ (ಏರ್ ಪಂಪಿನ ಗಾಳಿಯನ್ನು ಗುಳ್ಳೆಯಾಗಿ ಬಿಡುವ ಕಲ್ಲು) ಪಕ್ಕದಲ್ಲಿ ಅದೇ ನೀರಿಗೆ ಹಾಕಿ, ಅಮೋನಿಯಾ ಅರಗಿಸುವ ಬ್ಯಾಕ್ಟೀರಿಯಾ ಇರುವುದು ಅದರಲ್ಲೇ. ಎಕ್ಸ್‌ಟೆನ್ಷನ್ ಬಾಕ್ಸ್ ಸ್ಟ್ಯಾಂಡಿನ ಒಳಗಿದ್ದರೆ ಹೊರಗೆ ತೆಗೆದು, ನೀರಿನ ಮಟ್ಟಕ್ಕಿಂತ ಮೇಲೆ ಗೋಡೆಗೆ ಹಾಕಿಸಿ.