ಅಂಗೈಯಗಲದ ರೋಹಿತದರ್ಶಕ: ಮೂರು ತಿಂಗಳು ಬಳಸಿದ ಮೇಲೆ

ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಪುಟ್ಟ ರೋಹಿತದರ್ಶಕವೊಂದನ್ನು, ಪ್ರೌಢಶಾಲೆಯಲ್ಲಿ ಓದುತ್ತಿರುವ ಮಗಳಿಗಾಗಿ 650 ರೂಪಾಯಿ ಕೊಟ್ಟು ತರಿಸಿದ್ದೆ. ಅದೊಂದು ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆ. ಒಂದು ತುದಿಯಲ್ಲಿ ಬೆಳಕು ಒಳಬರುವ ಸೀಳು, ಅದರ ಪಕ್ಕದಲ್ಲೇ ಬೆಳಕಿನ ತರಂಗಾಂತರವನ್ನು (ಪ್ರತಿ ಬಣ್ಣಕ್ಕೂ ಇರುವ ಅಲೆಯ ಉದ್ದವನ್ನು) 400ರಿಂದ 700 ನ್ಯಾನೋಮೀಟರ್‌ವರೆಗೆ ತೋರಿಸುವ ಅಳತೆಪಟ್ಟಿ. ಕಣ್ಣಿಡುವ ತುದಿಯಲ್ಲಿ ಬೆಳಕನ್ನು ಬಣ್ಣಗಳಾಗಿ ಹರಡುವ, ಮಿಲಿಮೀಟರಿಗೆ 500 ಸೂಕ್ಷ್ಮ ಗೆರೆಗಳಿರುವ ಗ್ರೇಟಿಂಗ್ ಹಾಳೆ.

ಮೊದಲ ಪರೀಕ್ಷೆ ಅಡುಗೆಮನೆಯಲ್ಲಿ ನಡೆಯಿತು. ದೀಪ ಆರಿಸಿ, ಉಪ್ಪುನೀರಿನಲ್ಲಿ ಅದ್ದಿದ ಸ್ಟೀಲ್ ಚಮಚದ ತುದಿಯನ್ನು ಗ್ಯಾಸ್ ಒಲೆಯ ನೀಲಿ ಜ್ವಾಲೆಗೆ ಹಿಡಿದಾಗ, ಪೆಟ್ಟಿಗೆಯೊಳಗಿನ ಕತ್ತಲಲ್ಲಿ ಹಳದಿ ಗೆರೆಯೊಂದು ಥಟ್ಟನೆ ಎದ್ದು ನಿಂತಿತು. ಉಪ್ಪಿನಲ್ಲಿರುವ ಸೋಡಿಯಂ ಸೂಸುವ ಬೆಳಕು ಅದು. ವಾಸ್ತವದಲ್ಲಿ 589.0 ಮತ್ತು 589.6 ನ್ಯಾನೋಮೀಟರ್‌ಗಳಲ್ಲಿರುವ ಜೋಡಿ ಗೆರೆಗಳವು. ಅವನ್ನು ಬೇರ್ಪಡಿಸುವ ಶಕ್ತಿ ಈ ಪೆಟ್ಟಿಗೆಗಿಲ್ಲ, ಈ ಬೆಲೆಗೆ ಅದನ್ನು ಕೇಳುವುದೂ ನ್ಯಾಯವಲ್ಲ. ಆದರೆ ಅಳತೆಪಟ್ಟಿ ಅದೇ ಗೆರೆಯನ್ನು 577 ಎಂದು ತೋರಿಸಿದ್ದು ನಿಜವಾದ ದೋಷ. ಪಟ್ಟಿಯನ್ನು ಕಿತ್ತು, ಈ ಹಳದಿ ಗೆರೆಯನ್ನೇ ಗುರುತಾಗಿಟ್ಟುಕೊಂಡು ಮರಳಿ ಅಂಟಿಸಬೇಕಾಯಿತು.

ಬಿಸಿಲು ಬಿದ್ದ ಬಿಳಿ ಗೋಡೆಯನ್ನು ನೋಡಿದಾಗ ಕೆಂಪಿನಿಂದ ನೇರಳೆಯವರೆಗೆ ಎಲ್ಲೂ ತುಂಡಾಗದ ಪಟ್ಟೆ ಕಂಡು ನಿರಾಸೆಯಾಗಿತ್ತು. ಸೀಳು ಅಗತ್ಯಕ್ಕಿಂತ ಅಗಲವಾಗಿದ್ದುದೇ ಅದಕ್ಕೆ ಕಾರಣ. ಎರಡು ಬ್ಲೇಡ್ ಚೂರುಗಳನ್ನು ಕೂದಲೆಳೆಯಷ್ಟು ಸಂದು ಬಿಟ್ಟು ಅದರ ಮೇಲೆ ಅಂಟಿಸಿದ ನಂತರ, ಜರ್ಮನಿಯ ಭೌತವಿಜ್ಞಾನಿ ಫ್ರೌನ್‌ಹೋಫರ್ ಸೂರ್ಯನ ಬೆಳಕಿನಲ್ಲಿ 1814ರಲ್ಲಿ ಗುರುತಿಸಲಾರಂಭಿಸಿದ ಕಪ್ಪು ಗೆರೆಗಳಲ್ಲಿ ಮೂರ್ನಾಲ್ಕು ಸ್ಪಷ್ಟವಾಗಿ ಕಂಡವು. ಅವುಗಳಲ್ಲೊಂದು, ಅಡುಗೆಮನೆಯ ಹಳದಿ ಗೆರೆ ಬಿದ್ದಿದ್ದ ಜಾಗದಲ್ಲೇ ಇತ್ತು! ಸೂರ್ಯನ ಹೊಳೆಯುವ ಮೇಲ್ಮೈಯಿಂದ ಹೊರಟ ಬೆಳಕು ಅದರ ಮೇಲಿನ, ಅದಕ್ಕಿಂತ ತಂಪಾದ ಅನಿಲವನ್ನು ಹಾದು ಬರುವಾಗ, ಅಲ್ಲಿರುವ ಸೋಡಿಯಂ ತಾನು ಸೂಸಬಲ್ಲ ಬಣ್ಣವನ್ನೇ ಹೀರಿಕೊಳ್ಳುತ್ತದೆ ಎಂಬ, ಜರ್ಮನಿಯ ಭೌತವಿಜ್ಞಾನಿ ಕಿರ್ಕಾಫ್ ಅವರ 1859ರ ವಿವರಣೆ, ಪುಟಗಟ್ಟಲೆ ಓದಿದಾಗ ಆಗದಷ್ಟು ಆ ಕ್ಷಣದಲ್ಲಿ ಮನಸ್ಸಿಗೆ ಇಳಿಯಿತು. ನಕ್ಷತ್ರಗಳಲ್ಲಿ ಏನಿದೆ ಎಂದು ಖಗೋಳಶಾಸ್ತ್ರಜ್ಞರು ಹೇಳುವುದು ಇದೇ ಆಧಾರದಿಂದ. ನಮ್ಮ ಜಮಖಂಡಿಯಲ್ಲಿ 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದಂದು ಲೆಫ್ಟಿನೆಂಟ್ ಜಾನ್ ಹರ್ಷೆಲ್, ಚಂದ್ರನ ಅಂಚಿನಾಚೆ ಚಾಚಿದ್ದ ಸೂರ್ಯನ ಜ್ವಾಲೆಗಳತ್ತ ರೋಹಿತದರ್ಶಕ ಹಿಡಿದು ಹೊಳೆಯುವ ಗೆರೆಗಳನ್ನು ಕಂಡಿದ್ದರು. ಆ ಜ್ವಾಲೆಗಳು ಉರಿಬಿಸಿಯ ಅನಿಲವೆಂದು ತಿಳಿದದ್ದು ಅಂದಿನ ಇಂಥ ವೀಕ್ಷಣೆಗಳಿಂದಲೇ.

ನಕ್ಷತ್ರಗಳ ರೋಹಿತವನ್ನು ನೋಡಬೇಕೆನ್ನುವವರು ಇದನ್ನು ಕೊಳ್ಳಬೇಡಿ. ಸಂದಿನಲ್ಲಿ ತೂರಿ ಬರುವ ಅವುಗಳ ಬೆಳಕು ಕಣ್ಣಿಗೆ ಸಾಲದು, ಅದಕ್ಕೆ ದೂರದರ್ಶಕಕ್ಕೆ ಅಳವಡಿಸುವ ಗ್ರೇಟಿಂಗ್ ಬೇಕು. ಮನೆ, ಶಾಲೆಗಳ ಬಳಕೆಗಾದರೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಆದರೆ ಇದನ್ನು ಎಂದಿಗೂ ನೇರವಾಗಿ ಸೂರ್ಯನತ್ತ ಹಿಡಿಯಬಾರದು, ಕಣ್ಣಿಗೆ ಶಾಶ್ವತ ಹಾನಿಯಾದೀತು ಎಂಬ ಎಚ್ಚರಿಕೆ ಸೂಚನಾಪತ್ರದಲ್ಲಿ ಎಲ್ಲೂ ಇಲ್ಲ. ಮಕ್ಕಳ ಕೈಗೆ ಹೋಗುವ ವಸ್ತುವಿನಲ್ಲಿ ಇಂಥ ಲೋಪವನ್ನು ನಾನು ಒಪ್ಪಲಾರೆ. ತಯಾರಕರಿಗೆ ಪತ್ರ ಬರೆದಿದ್ದೇನೆ, ಆ ಸಾಲನ್ನು ನಮ್ಮ ಪೆಟ್ಟಿಗೆಯ ಮೇಲೆ ಕೆಂಪು ಮಸಿಯಲ್ಲಿ ನಾನೇ ಬರೆದಿಟ್ಟಿದ್ದೇನೆ.