ಗೆಲ್ಲೋದು ಯಾರು ಅಂತ ಗೊತ್ತಿದ್ದೂ ಮತ್ತೆ ನೋಡಿದ ನಾಲ್ಕು ಸಿನಿಮಾ

ಆಟದ ಸಿನಿಮಾದಲ್ಲಿ ಕೊನೆಗೆ ಯಾರು ಗೆಲ್ಲುತ್ತಾರೆ ಅನ್ನೋದು ಪೋಸ್ಟರ್ ನೋಡಿದಾಗಲೇ ಗೊತ್ತಾಗುತ್ತದೆ. ಆದರೂ ಕೊನೆಯ ಹತ್ತು ನಿಮಿಷ ಸೋಫಾ ತುದಿಗೆ ಬಂದು ಕೂತಿರುತ್ತೇವೆ, ಅಲ್ವಾ? ಇದು ಯಾಕೆ ಅಂತ ನೋಡೋಣ ಅಂದುಕೊಂಡು ನಾಲ್ಕು ಭಾನುವಾರ ನಾಲ್ಕು ಹಿಂದಿ ಸಿನಿಮಾ ಹಾಕಿದೆ. ನಾಲ್ಕನ್ನೂ ನಾನು ಮೊದಲೇ ನೋಡಿದ್ದೆ. ಜೊತೆಗೆ ಕೂತವರು ಕ್ರಿಕೆಟ್ ಅಂದರೆ ಏನೂ ತಿಳಿಯದ ಅಮ್ಮ, ಏಳನೇ ಕ್ಲಾಸಿನ ಮಗಳು, ಹಳೇ ಸ್ಕೋರ್‌ಕಾರ್ಡೆಲ್ಲ ಬಾಯಿಪಾಠ ಇರುವ ಭಾವ. ನನ್ನ ಪರೀಕ್ಷೆ ಒಂದೇ: ಮ್ಯಾಚ್ ನಡೆಯುವಾಗ ಯಾರು ಎದ್ದು ಹೋಗುತ್ತಾರೆ?

ಮೊದಲು 'ಲಗಾನ್'. 2001ರದ್ದು, ಹತ್ತಿರ ಹತ್ತಿರ ಮೂರು ಮುಕ್ಕಾಲು ಗಂಟೆ; ತೆರಿಗೆ ಮನ್ನಾ ಆಗಲಿ ಅಂತ ಹಳ್ಳಿಯವರು ಬ್ರಿಟಿಷರ ಎದುರು ಕ್ರಿಕೆಟ್ ಆಡುವ ಕಥೆ. ಅಮ್ಮ ಅವರೆಕಾಯಿ ಬುಟ್ಟಿ ಇಟ್ಟುಕೊಂಡೇ ಕೂತರು, ಬೇಜಾರಾದರೆ ಕೈಗೆ ಕೆಲಸ ಇರಲಿ ಅಂತ. ಕ್ರಿಕೆಟ್ ಅಂದರೆ ನಮ್ಮ ಚಿನ್ನಿದಾಂಡು ಇದ್ದ ಹಾಗೇ ಅಂತ ಭುವನ್ ಊರವರಿಗೆ ಹೇಳುತ್ತಾನಲ್ಲ, ಅಲ್ಲಿಂದ ಅವರಿಗೆ ಆಟ ಹಿಡಿಸಿತು. ಈ ಸಿನಿಮಾದ ಜಾಣತನವೇ ಅದು. 1893ರ ಆ ಹಳ್ಳಿಯವರಿಗೂ ಆಟ ಗೊತ್ತಿಲ್ಲ, ಅವರು ಕಲಿಯುತ್ತಾ ಹೋದ ಹಾಗೆ ನೋಡುವವರೂ ಕಲಿಯುತ್ತಾರೆ, ಎಲ್ಲೂ ಪಾಠ ಹೇಳಿದ ಹಾಗೆ ಅನಿಸೋದಿಲ್ಲ. ಇನ್ನು ಕಚ್ರಾ. ಊರು ಮುಟ್ಟದೆ ದೂರ ಇಟ್ಟವನು, ಊನವಾದ ಕೈಯಿಂದ ಚೆಂಡು ತಿರುಗಿಸುತ್ತಾನೆ. ಮೊದಲು ಚೆಂಡು ಹೊಸದು, ತಿರುಗಲ್ಲ. ಹಳೆಯದಾದ ಮೇಲೆ ಹ್ಯಾಟ್ರಿಕ್. ಭಾವ ಕೂಡ 'ಇದು ಸರಿಯಾದ ಕ್ರಿಕೆಟ್ಟು' ಅಂತ ತಲೆಯಾಡಿಸಿದರು. ಅಷ್ಟರಲ್ಲಿ ಅಮ್ಮನ ಅವರೆಕಾಯಿ ಅರ್ಧಕ್ಕೇ ನಿಂತಿತ್ತು. ಆ ಪ್ರೇಮದ ಎಳೆ ಸ್ವಲ್ಪ ಕತ್ತರಿಸಬಹುದಿತ್ತು ಅಂತ ನನಗೆ ಈಗಲೂ ಅನಿಸುತ್ತದೆ, ಆದರೆ ಮ್ಯಾಚ್ ಹೊತ್ತಿಗೆ ಯಾರೂ ಏಳಲಿಲ್ಲ.

'83' ಭಾವನ ಆಯ್ಕೆ, 1983ರ ಕ್ರಿಕೆಟ್ ವಿಶ್ವಕಪ್ ಗೆದ್ದ ಕಥೆ. ಲಾರ್ಡ್ಸ್, ಜೂನ್ 25, ನಮ್ಮವರು 183, ವೆಸ್ಟ್ ಇಂಡೀಸ್ 140, ಇದೆಲ್ಲ ಅವರು ನಿದ್ದೆಯಲ್ಲೂ ಹೇಳುತ್ತಾರೆ. ಅವರಿಗೆ ಬೇಕಿದ್ದದ್ದು ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್‌ನಲ್ಲಿ ನಡೆದ ಮ್ಯಾಚ್. ಜಿಂಬಾಬ್ವೆ ಎದುರು 9ಕ್ಕೆ 4 ಆಗಿದ್ದಾಗ ಬಂದ ಕಪಿಲ್ ಔಟಾಗದೆ 175 ಹೊಡೆದ ಆ ಮ್ಯಾಚಿನ ವಿಡಿಯೋನೇ ಇಲ್ಲ, ಅವತ್ತು ಬಿಬಿಸಿಯವರು ಅದನ್ನು ಚಿತ್ರೀಕರಿಸಲೇ ಇಲ್ಲ. ರೇಡಿಯೋದಲ್ಲಿ ಕೇಳಿ, ಪೇಪರಲ್ಲಿ ಓದಿ ಕಲ್ಪಿಸಿಕೊಂಡಿದ್ದನ್ನು ಕಣ್ಣಿಗೆ ಕಾಣಿಸಿದ್ದು ಈ ಸಿನಿಮಾ. ಆ ಕಡೆ ತುದಿಯಲ್ಲಿ ನಿಂತು ಸಾಥ್ ಕೊಟ್ಟವರು ನಮ್ಮ ಕಿರ್ಮಾನಿ, ಆ ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಜಾಸ್ತಿ, 18 ವಿಕೆಟ್ ತೆಗೆದವರು ನಮ್ಮ ರೋಜರ್ ಬಿನ್ನಿ. ಬೆಂಗಳೂರಿನವರಿಗೆ ಅಷ್ಟು ಸಾಕು ಎದೆ ಉಬ್ಬೋಕೆ. ಆದರೆ ಮಗಳು ಅರ್ಧಕ್ಕೇ ಎದ್ದು ಹೋದಳು. ಅವಳಿಗೆ ಈ ಹೆಸರುಗಳ ನೆನಪಿಲ್ಲ, ಆ ನೆನಪಿಲ್ಲದಿದ್ದರೆ ಈ ಸಿನಿಮಾದಲ್ಲಿ ಅರ್ಧ ರುಚಿ ಹೋಯಿತು.

'ದಂಗಲ್'ನಲ್ಲಿ ಕುಸ್ತಿ ಚಿತ್ರೀಕರಿಸಿರೋದು ನಾಲ್ಕರಲ್ಲೂ ಚೆಂದ. ಪಟ್ಟು, ಪಾಯಿಂಟು ಎಲ್ಲ ಕಣ್ಣಿಗೆ ತಿಳಿಯುತ್ತದೆ. ಕುಸ್ತಿ ಕಲಿಸಲು ಹೊರಟ ಅಪ್ಪ ತನ್ನ ಹೆಣ್ಣುಮಕ್ಕಳ ಕೂದಲು ಕತ್ತರಿಸಿಸುವ ದೃಶ್ಯಕ್ಕೆ ನನ್ನ ಮಗಳು ಕೆಂಡವಾದಳು: 'ಅವರಪ್ಪ ಒಂದು ಮಾತು ಕೇಳಬೇಕಿತ್ತು.' ಕೇಳಬೇಕಿತ್ತು, ನಿಜ. ನನ್ನ ತಕರಾರು ಬೇರೆ. 2010ರ ಕಾಮನ್‌ವೆಲ್ತ್ ಫೈನಲ್‌ನಲ್ಲಿ ಈ ಕಥೆಯ ನಿಜವಾದ ಮಗಳು ಗೀತಾ ಫೋಗಟ್ ಆರಾಮಾಗಿ ಗೆದ್ದಿದ್ದರು. ಸಿನಿಮಾದಲ್ಲಿ ಅಪ್ಪನನ್ನು ಕೋಣೆಯಲ್ಲಿ ಕೂಡಿಹಾಕಿ, ಗೆಲುವನ್ನು ಕೊನೇ ಕ್ಷಣದವರೆಗೆ ಎಳೆದಿದ್ದಾರೆ. ಮೊದಲ ಸಲ ಚಪ್ಪಾಳೆ ಹೊಡೆದಿದ್ದೆ. ಎರಡನೇ ಸಲ ಅದು ಸುಮ್ನೆ ಸೇರಿಸಿದ್ದು ಅಂತ ಗೊತ್ತಿದ್ದರಿಂದ ಕೈ ಮೇಲೇಳಲಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲೆ 2007ರ 'ಚಕ್ ದೇ ಇಂಡಿಯಾ', ಭಾರತದ ಹೆಂಗಸರ ಹಾಕಿ ತಂಡ ಮತ್ತು ಅದರ ಕೋಚ್‌ನ ಕಥೆ. ಶಾರುಖ್ ಇದ್ದೂ ನಾಯಕಿ ಇಲ್ಲ, ಮರ ಸುತ್ತುವ ಹಾಡಿಲ್ಲ. ಈ ಸಿನಿಮಾದ ನಿಜವಾದ ಮ್ಯಾಚ್ ಮೆಲ್ಬರ್ನ್‌ನಲ್ಲಿ ಶುರುವಾಗೋದಲ್ಲ, ಒಂದೇ ತಂಡದ ಹುಡುಗಿಯರ ಮಧ್ಯೆ ಮೊದಲೇ ಶುರುವಾಗಿರುತ್ತದೆ. ಕೋಮಲ್ ಮತ್ತು ಪ್ರೀತಿ ಒಬ್ಬರಿಗೊಬ್ಬರು ಚೆಂಡು ಕೊಡಲ್ಲ. ಈಶಾನ್ಯದ ಹುಡುಗಿಯರನ್ನು ಸ್ವಂತ ದೇಶದಲ್ಲೇ ಅತಿಥಿಗಳ ಹಾಗೆ ನೋಡುತ್ತಾರೆ. ಗಂಡಸರ ತಂಡದ ಎದುರು ಆಡಿದ ಮ್ಯಾಚನ್ನು ಇವರು ಸೋಲುತ್ತಾರೆ, ಆದರೆ ಆ ಸೋಲಿನಿಂದಲೇ ವಿಶ್ವಕಪ್‌ಗೆ ಹೋಗುತ್ತಾರೆ. ಸೋಲನ್ನು ಇಷ್ಟು ಚೆನ್ನಾಗಿ ಬಳಸಿಕೊಂಡ ಸಿನಿಮಾ ನಮ್ಮಲ್ಲಿ ಕಮ್ಮಿ. ಫೈನಲ್‌ನಲ್ಲಿ ಕೋಮಲ್ ಕೊನೆಗೂ ಪ್ರೀತಿಗೆ ಚೆಂಡು ತಳ್ಳುತ್ತಾಳೆ ನೋಡಿ, ನನಗೆ ಗಂಟಲು ಕಟ್ಟಿದ್ದು ಕಪ್ಪಿಗಲ್ಲ, ಆ ಒಂದು ಪಾಸಿಗೆ. ಆ 'ಎಪ್ಪತ್ತು ನಿಮಿಷ' ಭಾಷಣ ಬಂದಾಗ ಮಗಳು 'ಹಾಕಿ ಅರವತ್ತು ನಿಮಿಷ ಅಲ್ವಾ' ಅಂದಳು. ಈಗ ಹದಿನೈದು ನಿಮಿಷದ ನಾಲ್ಕು ಕ್ವಾರ್ಟರ್, ಆಗ ಮೂವತ್ತೈದರ ಎರಡು ಹಾಫ್ ಇತ್ತು ಅಂತ ಹೇಳಿದೆ. 'ಶ್, ಆಮೇಲೆ' ಅಂದುಬಿಟ್ಟಳು. ಅವಳೂ ಏಳಲಿಲ್ಲ, ಟೀ ಕೇಳಿದ್ದ ಭಾವನೂ ಮರೆತರು.

ಐದನೇ ಭಾನುವಾರ ಯಾವುದು ಹಾಕಲಿ ಅಂತ ಕೇಳಿದೆ. ಅಮ್ಮ ಬುಟ್ಟಿ ತರಲು ಎದ್ದವರು ಅಡುಗೆಮನೆಯಿಂದಲೇ ಕೂಗಿದರು: 'ಆ ಚಿನ್ನಿದಾಂಡಿನದ್ದೇ ಹಾಕೋ.'