ಕೂದಲು ಕಸಿಯ ಆಫ್ಟರ್‌ಕೇರ್ ಕಿಟ್: ಕಲಬುರಗಿ ಬಿಸಿಲಿಗೆ ಎಷ್ಟು ಲಾಯಕ್ಕು?

ಹೈದರಾಬಾದಿನಲ್ಲೋ ಸೊಲ್ಲಾಪುರದಲ್ಲೋ ಕೂದಲು ಕಸಿ ಮಾಡಿಸಿಕೊಂಡು ಕಲಬುರಗಿಗೆ ಬಂದಿಳಿಯುವವರ ಕೈಯಲ್ಲಿ ಕಸಿಯ ನಂತರದ ಆರೈಕೆಯ ಕಿಟ್, ಅಂದರೆ ಒಂದು ಜಿಪ್ ಚೀಲ ಇದ್ದೇ ಇರುತ್ತದೆ. ಸಲೈನ್ (ಉಪ್ಪುನೀರಿನ) ಸ್ಪ್ರೇ, ಶಾಂಪೂ, ಹಕ್ಕಳೆ ನೆನೆಸುವ ಫೋಮ್, ಮುಲಾಮು, ಹಣೆಪಟ್ಟಿ, ಕುತ್ತಿಗೆ ದಿಂಬು, ಬಯೋಟಿನ್ ಎಂಬ ವಿಟಮಿನ್ ಗುಳಿಗೆ, ಕೂದಲು ಬೆಳೆಸಲು ಹಚ್ಚುವ ಮಿನಾಕ್ಸಿಡಿಲ್, ಜೊತೆಗೊಂದು ಸೂಚನೆಗಳ ಇಂಗ್ಲಿಷ್ ಚೀಟಿ. ಕ್ಲಿನಿಕ್ ಯಾವುದೇ ಇರಲಿ, ಒಳಗಿನ ಸಾಮಾನು ಹೆಚ್ಚುಕಡಿಮೆ ಇದೇ. ಇದರಲ್ಲಿ ಮೂರು ವಸ್ತು ನಿಜವಾಗಿ ದುಡಿಯುತ್ತವೆ, ಎರಡನ್ನು ಸದ್ಯಕ್ಕೆ ಕಪಾಟಿನಲ್ಲಿಡಬೇಕು, ಉಳಿದವು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಚೀಟಿಯನ್ನಂತೂ ಏಸಿ ಕೋಣೆಯಲ್ಲಿ ಕೂತವರಿಗಾಗಿ ಬರೆದಿದ್ದಾರೆ. ಏಪ್ರಿಲ್–ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನ ಲೆಕ್ಕ ಅದರಲ್ಲಿಲ್ಲ.

ಮೊದಲ ಅಂಕ ಸಲೈನ್ ಸ್ಪ್ರೇಗೆ. ಹಿಂದಲೆಯಿಂದ ಕಿತ್ತ ಕೂದಲ ಬೇರು ನೆಟ್ಟ ಒಂದೊಂದು ತೂತಿನಿಂದಲೂ ರಕ್ತ, ನೀರು ಒಸರಿ ಒಣಗಿ ಹಕ್ಕಳೆ ಕಟ್ಟುತ್ತದೆ. ಒಣಗಿದಷ್ಟೂ ಹಕ್ಕಳೆ ದಪ್ಪ, ದಪ್ಪಗಾದಷ್ಟೂ ತುರಿಕೆ, ತುರಿಸಿದರೆ ಉಗುರಿಗೆ ಹಕ್ಕಳೆಯ ಜೊತೆ ಬೇರೂ ಬರುತ್ತದೆ. ಅದನ್ನು ಹಸಿಯಾಗಿ, ತೆಳ್ಳಗೆ ಇಡುವುದೇ ಸ್ಪ್ರೇಯ ಕೆಲಸ. ಮೊದಲ ಮೂರು ದಿನ ಎಚ್ಚರ ಇರುವಷ್ಟು ಹೊತ್ತು ಅರ್ಧ ಗಂಟೆಗೊಮ್ಮೆ, ಒಂದು ಗೇಣು ದೂರದಿಂದ, ಎಂಟು ಹತ್ತು ಒತ್ತು. ಮಂಜಿನ ಹಾಗೆ ಬೀಳಬೇಕು, ಹಣೆ ಮೇಲೆ ಹನಿ ಇಳಿಯಬಾರದು. ಫ್ಯಾನಿನ ಕೆಳಗೆ, ಕೂಲರ್ ಎದುರಿಗೆ ಕೂತವರಿಗೆ ಅರ್ಧ ಗಂಟೆ ಆಗುವ ಮುಂಚೆಯೇ ಒಣಗುತ್ತದೆ. ಹಾಗಾಗಿ ಬ್ಯಾಸಿಗಿಯಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಹೊಡೆದುಕೊಂಡರೂ ಅತಿಯಾಗದು.

ಕಿಟ್ಟಿನ ಬಾಟಲಿ ಖಾಲಿಯಾದ ಮೇಲೆ ತಪ್ಪು ಶುರುವಾಗುತ್ತದೆ. ಮೆಡಿಕಲ್‌ನಿಂದ ಅರ್ಧ ಲೀಟರಿನ ಡ್ರಿಪ್ ಬಾಟಲಿ ತಂದು, ಗಾಜು ಒರೆಸುವ ಸ್ಪ್ರೇ ಡಬ್ಬಿಗೆ ತುಂಬಿ ಐದು ದಿನ ಬಳಸುವವರಿದ್ದಾರೆ. ಇದರಲ್ಲಿ ಎರಡು ಎಡವಟ್ಟು. ಆ ಡಬ್ಬಿಯ ಕುದುರೆ ಒತ್ತಿದರೆ ಬರುವುದು ಮಂಜಲ್ಲ, ಧಾರೆ. ಇನ್ನು ಸಲೈನ್‌ನಲ್ಲಿ ಕೆಡದಂತೆ ಕಾಯುವ ರಾಸಾಯನಿಕ ಇರುವುದಿಲ್ಲ, ಬಾಯಿ ತೆರೆದ ಮೇಲೆ 24 ಗಂಟೆಯಲ್ಲಿ ಚೆಲ್ಲಬೇಕು. ಸಣ್ಣ ಮಂಜಿನ ಪಂಪು ಒಮ್ಮೆ ಒತ್ತಿದರೆ ಸುಮಾರು 0.1 ಮಿಲಿ ಬಿಡುತ್ತದೆ. ದಿನಕ್ಕೆ ಮೂವತ್ತು ಸಲ ಹತ್ತತ್ತು ಒತ್ತಿದರೂ 30 ಮಿಲಿ ಚಿಲ್ಲರೆ. ಅಂದರೆ 0.9 ಪರ್ಸೆಂಟಿನ 100 ಮಿಲಿ ಸಲೈನ್ ಬಾಟಲಿ ದಿನಕ್ಕೊಂದು ಒಡೆದರೆ ಬೇಕಾದಷ್ಟಾಯಿತು. ಮನೆಯಲ್ಲಿ ಉಪ್ಪು ಕಲಸಿ ಮಾಡುವ ಉಸಾಬರಿ ಬೇಡ.

ಎರಡನೆಯದು ಶಾಂಪೂ. ಕಿಟ್ಟಿನಲ್ಲಿ ವಿದೇಶಿ ಲೇಬಲ್ ಇದ್ದರೂ ಒಳಗಿರುವುದು ಸೌಮ್ಯವಾದ, ವಾಸನೆ ಕಡಿಮೆಯಾದ ತೊಳೆಯುವ ದ್ರವ ಅಷ್ಟೇ. ಅಂಗಡಿಯ ಬೇಬಿ ಶಾಂಪೂ ಅದರ ಜಾಗದಲ್ಲಿ ಧಾರಾಳವಾಗಿ ನಿಲ್ಲುತ್ತದೆ. ಇಲ್ಲಿ ಶಾಂಪೂವಿಗಿಂತ ತೊಳೆಯುವ ರೀತಿ ಮುಖ್ಯ. ಮೊದಲ ತೊಳೆತ ಸಾಮಾನ್ಯವಾಗಿ ಎರಡನೇ ಅಥವಾ ಮೂರನೇ ದಿನ. ಆದಷ್ಟೂ ಕ್ಲಿನಿಕ್ಕಿನಲ್ಲೇ ಮಾಡಿಸಿಕೊಂಡು, ಕಣ್ಣಾರೆ ನೋಡಿಕೊಂಡು ಊರಿಗೆ ಹೊರಡಬೇಕು. ಮನೆಯಲ್ಲಾದರೆ ಒಂದು ಬಟ್ಟಲಲ್ಲಿ ಒಂದು ಲೋಟ ನೀರಿಗೆ ಒಂದು ಚಮಚ ಶಾಂಪೂ ಹಾಕಿ ಕೈಯಿಂದ ನೊರೆ ಎಬ್ಬಿಸಿ, ಆ ನೊರೆಯನ್ನಷ್ಟೇ ಅಂಗೈಯಲ್ಲಿ ಎತ್ತಿ ನೆಟ್ಟ ಜಾಗದ ಮೇಲೆ ಇಡಬೇಕು. ಇಡಬೇಕು, ತಿಕ್ಕಬಾರದು. ಐದು ನಿಮಿಷ ಬಿಟ್ಟು ಚರಗಿಯಿಂದ ಮೆಲ್ಲಗೆ ನೀರು ಹೊಯ್ಯಬೇಕು. ಬೇರು ಕಿತ್ತ ಹಿಂದಲೆಯನ್ನು ಮಾತ್ರ ಬೆರಳ ತುದಿಯಿಂದ ಹಗುರವಾಗಿ ಉಜ್ಜಬಹುದು. ಷವರ್ ಕೆಳಗೆ ನಿಲ್ಲುವುದು ಎರಡು ವಾರ ಬಂದ್.

ಚೀಟಿಯಲ್ಲಿ ‘ಉಗುರುಬೆಚ್ಚಗಿನ ನೀರು’ ಅಂತಿದೆ. ಕಲಬುರಗಿಯ ತಾರಸಿ ಮೇಲಿನ ಕರಿ ಟಾಕಿಯ ನೀರು ಮೇ ತಿಂಗಳ ಮಧ್ಯಾಹ್ನ ಕೈ ಸುಡುತ್ತದೆ. ಕಸಿಯಾದ ನೆತ್ತಿಗೆ ಸ್ಪರ್ಶ, ಬಿಸಿ ಸರಿಯಾಗಿ ತಿಳಿಯುವುದಿಲ್ಲ. ಮರಗಟ್ಟಿದ ಚರ್ಮ ಸರಿಹೋಗಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಬೇರೆ ಹೊತ್ತಿನಲ್ಲಿ ‘ಹಾ!’ ಎಂದು ತಲೆ ಸರಿಸುವವರು ಆಗ ಸುಮ್ಮನೆ ಕೂತಿರುತ್ತಾರೆ, ಚರ್ಮ ಕೆಂಪಾದಾಗಲೇ ಗೊತ್ತಾಗುವುದು. ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಗೂ ಇದೇ ಮಾತು. ಆದ್ದರಿಂದ ರಾತ್ರಿಯೇ ಬಕೆಟ್ ತುಂಬಿಸಿಟ್ಟು, ಬೆಳಿಗ್ಗೆ ಏಳರ ಒಳಗೆ ತೊಳೆಯಬೇಕು. ಹೊಯ್ಯುವ ಮುನ್ನ ಮಣಿಕಟ್ಟಿನ ಒಳಭಾಗಕ್ಕೆ ನೀರು ಬಿಟ್ಟು ನೋಡಬೇಕು, ತಲೆಯನ್ನು ಕೇಳಬಾರದು. ಬೋರಿನ ಸವಳು ನೀರಿನಿಂದ ಬೇರು ಸಾಯುವುದಿಲ್ಲ, ಆದರೆ ನೊರೆ ಸರಿಯಾಗಿ ಬಿಡುವುದಿಲ್ಲ, ಒಣಗಿದ ಮೇಲೆ ಬಿಳಿ ಪುಡಿ ಉಳಿದು ತುರಿಸುತ್ತದೆ. ಕೊನೆಯ ಎರಡು ಚರಗಿ ಫಿಲ್ಟರ್ ನೀರಾದರೆ ಆ ತಾಪತ್ರಯ ತಪ್ಪುತ್ತದೆ.

ಮೂರನೇ ಅಂಕ ಕುತ್ತಿಗೆ ದಿಂಬಿಗೆ, ಅದರ ಮಖಮಲ್ ಹೊದಿಕೆಗೆ ಮಾತ್ರ ಸೊನ್ನೆ. ಐದರಿಂದ ಏಳು ರಾತ್ರಿ ತಲೆಯನ್ನು 30–45 ಡಿಗ್ರಿ ಎತ್ತರದಲ್ಲಿಟ್ಟು, ಅಂಗಾತ ಮಲಗಬೇಕು. ಎರಡು ದಿಂಬಿನ ಮೇಲೆ ಇದನ್ನು ಸಿಕ್ಕಿಸಿದರೆ ಮಗ್ಗುಲಾಗುವುದು ತಪ್ಪುತ್ತದೆ. ಶಸ್ತ್ರಕ್ರಿಯೆ ಹೊತ್ತಿಗೆ ತಲೆಗೆ ಚುಚ್ಚಿದ ದ್ರವ ಎರಡನೇ ದಿನದಿಂದ ಹಣೆಗೆ, ಅಲ್ಲಿಂದ ಕಣ್ಣಿನ ರೆಪ್ಪೆಗೆ ಇಳಿಯುತ್ತದೆ. ಮೂರು ನಾಲ್ಕನೇ ದಿನ ಮುಖ ಊದಿದ್ದನ್ನು ಕಂಡು ಮನೆಯವರು ಗಾಬರಿಯಾಗುತ್ತಾರೆ. ವಾರದೊಳಗೆ ಇಳಿಯುವ ಬಾವು ಅದು. ಬಟ್ಟೆಯಲ್ಲಿ ಸುತ್ತಿದ ಐಸ್ ಹಣೆಯ ಮೇಲಿಡಬಹುದು, ನೆಟ್ಟ ಗೆರೆಯಿಂದ ಕೆಳಗೆ ಮಾತ್ರ. ಆದರೆ ಮಖಮಲ್ ನಮ್ಮ ಸೆಕೆಯಲ್ಲಿ ಹೆಡಕಿನ ಗಾಯಕ್ಕೆ ಅಂಟಿ ಬೆವರು ಹಿಡಿಯುತ್ತದೆ. ಒಗೆದು ಬಿಸಿಲಿಗೆ ಒಣಗಿಸಿದ ಹಳೆ ಧೋತರದ ತುಂಡು ಸುತ್ತಿ, ದಿನಾ ಬದಲಿಸಬೇಕು. ಹಣೆಪಟ್ಟಿ ಬಾವನ್ನು ಸ್ವಲ್ಪ ತಡೆಯುತ್ತದೆ, ಅಷ್ಟೇ. ಎರಡು ಬೆರಳು ನುಸುಳುವಷ್ಟು ಸಡಿಲ ಇರಲಿ.

ಹಕ್ಕಳೆ ಯಾವಾಗ ತೆಗೆಯಬೇಕು ಎಂಬುದಕ್ಕೆ ಚೀಟಿಗಳಲ್ಲಿ ಹತ್ತಾರು ಉತ್ತರ. 2006ರಲ್ಲಿ ಬರ್ನ್‌ಸ್ಟೈನ್ ಮತ್ತು ರಾಸ್‌ಮನ್ ಎಂಬ ಅಮೆರಿಕದ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ ನೆಟ್ಟ ಬೇರುಗಳನ್ನು ಬೇರೆ ಬೇರೆ ದಿನ ಎಳೆದು ನೋಡಿದ್ದರು. ಮೊದಲ ಎರಡು ದಿನ ಕೂದಲನ್ನು ಎಳೆದರೇ ಬೇರು ಬರುತ್ತಿತ್ತು. ಅಂಟಿಕೊಂಡ ಹಕ್ಕಳೆಯನ್ನು ಎಳೆದಾಗ ಐದನೇ ದಿನದವರೆಗೂ ಬೇರು ಬಂತು. ಒಂಬತ್ತನೇ ದಿನಕ್ಕೆ ಅಪಾಯ ಮುಗಿದಿತ್ತು. ಹಾಗಾಗಿ ಫೋಮ್ ಡಬ್ಬಿಯ ಉಪಯೋಗ ಒಂಬತ್ತು ಹತ್ತನೇ ದಿನದ ಸುಮಾರಿಗೆ: ಹಚ್ಚಿ 20 ನಿಮಿಷ ನೆನೆಸಿ, ಬೆರಳ ಮೆತ್ತನೆ ಭಾಗದಿಂದ ಸುತ್ತಿ ಸುತ್ತಿ ಆಡಿಸಿದರೆ ಹಕ್ಕಳೆ ತಾನಾಗಿ ಜಾರುತ್ತದೆ. ಒಂದೇ ದಿನ ಎಲ್ಲ ಹೋಗಬೇಕೆಂಬ ಹಟ ಬೇಡ, ಎರಡು ವಾರದೊಳಗೆ ಸ್ವಚ್ಛವಾದರೆ ಸಾಕು. ಅದರಾಚೆ ಬಿಟ್ಟರೆ ಕೆಳಗೆ ಕೊಳೆ ಕೂತು ಕೀವುಗುಳ್ಳೆ ಏಳುತ್ತವೆ. ಹಕ್ಕಳೆಯ ಜೊತೆ ಸಣ್ಣ ಕೂದಲು ಉದುರಿದರೆ ಅಂಜಬೇಕಿಲ್ಲ. ಬೇರು ಕಿತ್ತು ಬಂದಿದ್ದರೆ ಆ ತೂತಿನಿಂದ ರಕ್ತ ಬರುತ್ತದೆ. ಬಂದರೆ ಸ್ವಚ್ಛ ಗಾಜ್ ಬಟ್ಟೆ ಇಟ್ಟು ಹತ್ತು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ಬಿದ್ದ ಬೇರನ್ನು ಮತ್ತೆ ಸಿಕ್ಕಿಸುವ ಸಾಹಸ ಬೇಡ.

ಸೋಂಕು ತಡೆಯುವ ಮುಪಿರೋಸಿನ್ ಮುಲಾಮು ಹಿಂದಲೆಗೆ ಸರಿ, ತೆಳ್ಳಗೆ ಸವರಿದರೆ ಸಾಕು. ಮುಖದ ಬಾವು ಇಳಿಯಲೆಂದು ಸ್ಟೀರಾಯ್ಡ್ ಗುಳಿಗೆ ಕೊಟ್ಟಿದ್ದರೆ ಸಕ್ಕರೆ ಕಾಯಿಲೆ ಇದ್ದವರು ನುಂಗುವ ಮುಂಚೆ ತಮ್ಮ ಡಾಕ್ಟರಿಗೆ ಒಂದು ಮಾತು ಹೇಳಲಿ, ಸಕ್ಕರೆ ದಿಢೀರ್ ಏರುತ್ತದೆ.

ಕಪಾಟಿಗೆ ಹೋಗಬೇಕಾದವು ಮಿನಾಕ್ಸಿಡಿಲ್ ಮತ್ತು ಬಯೋಟಿನ್. ಮಿನಾಕ್ಸಿಡಿಲ್ ದ್ರಾವಣದಲ್ಲಿ ಆಲ್ಕೊಹಾಲ್, ಪ್ರೊಪೈಲಿನ್ ಗ್ಲೈಕಾಲ್ ಇರುತ್ತವೆ. ಹಸಿ ಗಾಯಕ್ಕೆ ಉರಿ, ಆಮೇಲೆ ಹೊಟ್ಟು. ಗಾಯ ಪೂರ್ತಿ ಮಾಗಿದ ಮೇಲೆ, ಆಪರೇಷನ್ ಮಾಡಿದವರು ಹೇಳಿದ ದಿನದಿಂದಲೇ ಶುರುಮಾಡಬೇಕು. ಬಯೋಟಿನ್ ಕೊರತೆ ಇಲ್ಲದವರಿಗೆ ಅದರಿಂದ ಹೆಚ್ಚಿನ ಲಾಭವಿಲ್ಲ. ಮೇಲಾಗಿ ದೊಡ್ಡ ಡೋಸು ಥೈರಾಯ್ಡ್‌ನಂಥ ರಕ್ತಪರೀಕ್ಷೆಯ ಅಂಕಿಯನ್ನೇ ಏರುಪೇರು ಮಾಡುತ್ತದೆ. ಲ್ಯಾಬಿನಲ್ಲಿ ಹೇಳದೆ ರಕ್ತ ಕೊಡಬೇಡಿ.

ಕಿಟ್ಟಿನಲ್ಲಿ ಇಲ್ಲದ್ದು, ಇರಲೇಬೇಕಾದದ್ದು: ಗುಂಡಿ ಇರುವ ಅಂಗಿ. ಹತ್ತು ದಿನ ಬನಿಯನ್, ಟೀ ಶರ್ಟ್ ತಲೆಯ ಮೇಲಿಂದ ಹಾಕಬಾರದು. ಇನ್ನೊಂದು, ಸಡಿಲವಾದ ಅಗಲ ಅಂಚಿನ ಹತ್ತಿ ಟೊಪ್ಪಿಗೆ, ಮೊದಲ ದಿನಗಳಿಗೆ ಅದಕ್ಕಿಂತ ಒಳ್ಳೆಯದು ಛತ್ರಿ. ತಲೆಗೆ ಬಿಗಿದು ರುಮಾಲು ಸುತ್ತುವುದು, ಹೆಲ್ಮೆಟ್ ಎರಡೂ ಎರಡು ವಾರ ಬೇಡ. ಹೆಲ್ಮೆಟ್ ಇಲ್ಲದೆ ಬೈಕ್ ಎಂದಲ್ಲ, ಬೈಕೇ ಬೇಡ, ಆಟೋ ಹಿಡಿಯಿರಿ. ಹೈದರಾಬಾದಿನಿಂದ ಬರುವಾಗಲೂ ಸ್ಲೀಪರ್ ಬಸ್ಸಿನ ಮೇಲಿನ ಬರ್ತ್ ತಗೋಬೇಡಿ. ಏಳುವಾಗ ಸೂರು ತಲೆಗೆ ತಗುಲುತ್ತದೆ. ಹಿಂದಕ್ಕೆ ಬಾಗುವ ಸೀಟು ಸಾಕು. ತೊಗರಿ ಬೇಳೆ ಮಿಲ್ಲಿನಲ್ಲಿ, ಕಲ್ಲು ಕೊರೆಯುವ ಕಡೆ ದುಡಿಯುವವರು ಹತ್ತು ದಿನದ ರಜೆ ಹಾಕಿಯೇ ಕಸಿಗೆ ಹೋಗಲಿ. ಕೂಲರಿನ ನೀರು ದಿನಾ ಬದಲಿಸಿ, ಗಾಳಿ ತಲೆಗೆ ನೇರ ಹೊಡೆಯದಂತೆ ತಿರುಗಿಸಿ.

ಮನೆಯ ಹಿರಿಯರು ಅರಿಶಿನ, ಕೊಬ್ಬರಿ ಎಣ್ಣೆ ಹಿಡಿದು ಬರುತ್ತಾರೆ. ಅರಿಶಿನ ಬೇಡವೇ ಬೇಡ, ಎಣ್ಣೆ ಒಂದು ತಿಂಗಳಾದ ಮೇಲೆ. ಬೀಡಿ ಸಿಗರೇಟು ಎರಡು ವಾರವಾದರೂ ಬಿಡಬೇಕು. ನಿಕೋಟಿನ್ ರಕ್ತನಾಳ ಕುಗ್ಗಿಸುತ್ತದೆ, ಹೊಸ ಬೇರು ಬದುಕುವುದೇ ಆ ರಕ್ತದ ಮೇಲೆ. ಗಾಣಗಾಪುರದ ಸಂಗಮದಲ್ಲಿ ಮುಳುಗು ಹಾಕುವುದಿದ್ದರೆ, ಹೋಳಿ ಬಣ್ಣ ಆಡುವುದಿದ್ದರೆ, ಒಂದು ತಿಂಗಳು ಕಳೆಯಲಿ.

ಎರಡನೇ ವಾರದಿಂದ ಎರಡನೇ ತಿಂಗಳವರೆಗೆ ನೆಟ್ಟ ಕೂದಲು ಉದುರುತ್ತದೆ, ಬೇರು ಒಳಗೇ ಇರುತ್ತದೆ. ಮೂರು ನಾಲ್ಕು ತಿಂಗಳಿಗೆ ಮೊಳಕೆ, ಪೂರ್ತಿ ರೂಪ ನೋಡಲು ಒಂದು ವರ್ಷ. ಈ ಸಂಗತಿಯನ್ನು ಚೀಟಿಯ ಕೊನೆಗೆ ಇರುವೆ ಅಕ್ಷರದಲ್ಲಿ ಹಾಕಿರುತ್ತಾರೆ, ಹಾಗಾಗಿ ಆರನೇ ವಾರಕ್ಕೆ ಫೋನು ಮಾಡಿ ಜಗಳ ತೆಗೆಯುವವರು ಬಹಳ. ಒಂದೆರಡು ಕೀವುಗುಳ್ಳೆಗೆ ಬಿಸಿನೀರಲ್ಲದ, ಬೆಚ್ಚನೆ ನೀರಿನ ಬಟ್ಟೆ ಇಟ್ಟರೆ ಸಾಕು. ಆದರೆ ಜ್ವರ, ದಿನದಿನಕ್ಕೆ ಹೆಚ್ಚುವ ನೋವು, ಹರಡುವ ಕೆಂಪು, ಕೀವು ಸೋರಿಕೆ, ಇಲ್ಲವೇ ಚರ್ಮದ ಮೇಲೆ ಕಪ್ಪು ಕಲೆ ಕಂಡರೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ ಹೈದರಾಬಾದಿನ ಉತ್ತರಕ್ಕೆ ಕಾಯಬೇಡಿ. ಕಿಟ್ಟಿನ ಚೀಟಿ, ನುಂಗಿದ ಗುಳಿಗೆಗಳ ಪಟ್ಟಿ ಎರಡನ್ನೂ ಕೈಯಲ್ಲಿ ಹಿಡಿದು ಅದೇ ದಿನ ಸರ್ಕಾರಿ ಆಸ್ಪತ್ರೆಯಾದ ಜಿಮ್ಸ್‌ಗೋ ಸೇಡಂ ರಸ್ತೆಯ ಇಎಸ್‌ಐಸಿ ಆಸ್ಪತ್ರೆಗೋ ಹೋಗಿ ಚರ್ಮರೋಗದ ವೈದ್ಯರಿಗೆ ತೋರಿಸಿ.